ಔಟ್‌ಸ್ಟ್ಯಾಂಡಿಂಗ್ ಅಂದರೆ ಗಾಬರಿಯಾಗಬೇಡಿ
ಮಡಿಕೇರಿಯಾಗಲಿ ಗೋಣಿಕೊಪ್ಪಲಾಗಲಿ, ಬ್ಯಾಂಕಿನಲ್ಲಿ ತೋಟದ ಸಾಲಕ್ಕೆ ‘ಔಟ್‌ಸ್ಟ್ಯಾಂಡಿಂಗ್ ಇಷ್ಟಿದೆ’ ಅಂದರೆ, ಕೂಡಲೇ ‘ಅದರಲ್ಲಿ ಓವರ್‌ಡ್ಯೂ ಎಷ್ಟು?’ ಅಂತ ಕೇಳಿ. ಔಟ್‌ಸ್ಟ್ಯಾಂಡಿಂಗ್ ಅಂದರೆ ಇನ್ನೂ ಉಳಿದಿರುವ ಪೂರ್ತಿ ಸಾಲ. ಓವರ್‌ಡ್ಯೂ ಅಂದರೆ ಅದರಲ್ಲಿ ಕಟ್ಟುವ ದಿನ ದಾಟಿಹೋದ ಭಾಗ ಮಾತ್ರ. 3 ಲಕ್ಷ ಔಟ್‌ಸ್ಟ್ಯಾಂಡಿಂಗ್ ಇದ್ದರೂ ಓವರ್‌ಡ್ಯೂ ಸೊನ್ನೆ ಆಗಿದ್ದರೆ ನೀವು ಗಡುವು ದಾಟಿದ ಬಾಕಿ ಏನೂ ಉಳಿಸಿಕೊಂಡಿಲ್ಲ. ಸುಮ್ನೆ ಹೆದರಿ ಕರಿಮೆಣಸನ್ನು ಸಿಕ್ಕ ರೇಟಿಗೆ ಮಾರಬೇಡಿ, ದಯವಿಟ್ಟು. ಆದರೆ ಒಂದೇ ಸಲ ತೀರಿಸಬೇಕಾದ ಬೆಳೆಸಾಲದ ಗಡುವು ದಾಟಿದ್ದರೆ ಎರಡು ಮೊತ್ತವೂ ಒಂದೇ ಆಗಿರುತ್ತದೆ. ಇನ್ನು ಸಾಲವನ್ನೇ ಮುಗಿಸುವುದಾದರೆ ಔಟ್‌ಸ್ಟ್ಯಾಂಡಿಂಗ್ ಲೆಕ್ಕದಷ್ಟೇ ಹಣ ಒಯ್ದರೆ ಸಾಲದೆ ಹೋಗಬಹುದು. ಈಚಿನ ದಿನಗಳ ಬಡ್ಡಿ ಅದಕ್ಕೆ ಸೇರಿರಲಿಕ್ಕಿಲ್ಲ. ಆಗ ‘ಇವತ್ತು ಲೋನ್ ಕ್ಲೋಸ್ ಮಾಡಲು ಎಷ್ಟು?’ ಅಂತಲೇ ಕೇಳಿ.