ಆಟಿಯ ಮಳೆಯಲ್ಲೂ ಕಲೆ ಬೀಳದ ಫಿಲ್ಟರ್: ನನ್ನ ಅನುಭವ

ಪ್ಲಾಸ್ಟಿಕ್ ಟ್ಯಾಂಕ್ ಮಾಡೆಲಿನ ಮೂಲಬಣ್ಣದ ಮೇಲೆ, ಅದರ ಛಾಯೆ ತುಸು ಬದಲಾಗಲೆಂದು ಬಳಿಯುವ ತೀರ ತೆಳು ಬಣ್ಣವೇ ಫಿಲ್ಟರ್. ಮಳೆಗಾಲದಲ್ಲಿ ನಮ್ಮ ಕಡೆ ಫಿಲ್ಟರ್ ಹಾಕಲು ಆಗುವುದೇ ಇಲ್ಲ ಎನ್ನುತ್ತಿದ್ದವರು ಈಗ ನನ್ನ ಸೆಂಚುರಿಯನ್ ಟ್ಯಾಂಕ್ ನೋಡಿ, ಯಾವ ಬಾಟಲಿ ತರಿಸಿದೆ ಎಂದು ಕೇಳುತ್ತಿದ್ದಾರೆ. ಬಾಟಲಿ ತರಿಸಿಯೇ ಇಲ್ಲ. ಕ್ಯಾಮೆಲ್ ಆರ್ಟಿಸ್ಟ್ ಆಯಿಲ್‌ನ ನಾಲ್ಕು ಟ್ಯೂಬು, ವಾಸನೆ ಇಲ್ಲದ ಥಿನ್ನರ್ ಒಂದು ಲೀಟರ್, ಒಂದು ಚಪ್ಪಟೆ ಬ್ರಷ್, ಹಳೆಯ ಮರದ ಪೆಟ್ಟಿಗೆಯೊಳಗೆ 40 ವಾಟ್ ಬಲ್ಬು, ಇಷ್ಟೇ. ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಟ್ಟದಲ್ಲಿ, ಹೊರಗೆ ಆಟಿಯ ಮಳೆ ಹೊಡೆಯುತ್ತಿರುವಾಗಲೇ ಇಡೀ ಟ್ಯಾಂಕ್ ಮುಗಿಸಿದ್ದೇನೆ.

ಮೊದಲು ದುಡ್ಡಿನ ಮಾತು. ರೆಡಿ ಫಿಲ್ಟರ್ 35 ಮಿ.ಲೀ. ಬಾಟಲಿಗೆ ನಾನೂರರ ಆಸುಪಾಸು ಕೊಡಬೇಕು, ಕೊರಿಯರ್ ಬೇರೆ. ಬೆಂಕಿ ಹಿಡಿಯುವ ದ್ರವವಾದ್ದರಿಂದ ವಿಮಾನದಲ್ಲಿ ಕಳಿಸುವುದಿಲ್ಲ. ರಸ್ತೆಯಲ್ಲಿ ಬರುವಷ್ಟರಲ್ಲಿ ಎರಡು ವಾರ. ಒಮ್ಮೆ ಮೂರು ಬಾಟಲಿ ತರಿಸಿದಾಗ ಒಂದರ ಮುಚ್ಚಳ ಸಡಿಲವಾಗಿ ಅರ್ಧ ಸೋರಿತ್ತು, ಮಾರಿದವರು ಫೋನೇ ಎತ್ತಲಿಲ್ಲ. ಆಯಿಲ್ ಟ್ಯೂಬಾದರೆ 20 ಮಿ.ಲೀ.ಗೆ ನೂರರ ಆಚೆ ಈಚೆ. ಒಂದು ಟ್ಯಾಂಕಿಗೆ ಬೇಕಾಗುವುದು ಕಡಲೆಕಾಳು ಗಾತ್ರದ ಬಣ್ಣ. ನನ್ನ ಬರ್ಂಟ್ ಅಂಬರ್ ಟ್ಯೂಬು ಐದಾರು ವರ್ಷದಿಂದ ನಡೆಯುತ್ತಿದೆ, ಇನ್ನೂ ಅರ್ಧ ಖಾಲಿಯಾಗಿಲ್ಲ.

ಎಲ್ಲರಿಗೂ ಇರುವ ದೂರು ಒಂದೇ. ಫಿಲ್ಟರ್ ಒಣಗಿದ ಮೇಲೆ ಎಂಜಿನ್ ಡೆಕ್ಕಿನ ಮೇಲೆ, ಮಡ್‌ಗಾರ್ಡಿನ ಮೇಲೆ ನೀರಿನ ಕಲೆಯಂಥ ಅಂಚುಗಳು ಉಳಿಯುತ್ತವೆ. ಇದಕ್ಕೆ ಹವೆಯ ತೇವ ಕಾರಣ ಎಂದು ಹಿರಿಯ ಮಾಡೆಲರ್‌ಗಳೇ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಹೋಳಿ ಹಬ್ಬದ ಸಮಯದ ಒಣ ಬಿಸಿಲಿನಲ್ಲೂ ಹೊಳಪಿಲ್ಲದ ಮ್ಯಾಟ್ ಪೇಂಟಿನ ಮೇಲೆ ನೇರ ಹಾಕಿ ನೋಡಿ, ಅದೇ ಕಲೆ ಬರುತ್ತದೆ. ಮ್ಯಾಟ್ ಮೇಲ್ಮೈ ಥಿನ್ನರನ್ನು ಹೀರಿ ಬಣ್ಣವನ್ನು ಅಂಚಿಗೆ ತಳ್ಳುತ್ತದೆ. ಪೂರ್ತಿ ಹೊಳಪಿನ ಮೇಲ್ಮೈ ಆದರೆ ಫಿಲ್ಟರ್ ನಿಲ್ಲದೆ ಜಾರಿ ರಿವೆಟ್ ಸುತ್ತ ಸೇರಿಕೊಳ್ಳುತ್ತದೆ, ಆಗ ಅದು ಫಿಲ್ಟರ್ ಅಲ್ಲ, ಕೆಟ್ಟ ವಾಶ್ (ಸಂದುಗಳಲ್ಲಿ ನಿಲ್ಲುವ ತೆಳು ಬಣ್ಣ). ಬೇಕಾದದ್ದು ಎರಡರ ನಡುವಿನ ಅರೆಹೊಳಪಿನ ಪದರ, ಸ್ಯಾಟಿನ್. ಅಲ್ಲಿಗೆ ಅರ್ಧ ಕೆಲಸ ಆಯಿತು.

ತೇವ ತೊಂದರೆ ಕೊಡುವುದು ಅದಕ್ಕೂ ಮೊದಲಿನ ಹಂತದಲ್ಲಿ. ಮೂರು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಜುಲೈಯಲ್ಲಿ ಲ್ಯಾಕರ್ ಸ್ಯಾಟಿನ್ ಸ್ಪ್ರೇ ಮಾಡಿದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಕೂತು, ಬಿಳಿ ಮಬ್ಬು ಏಳುತ್ತದೆ. ಹೀಗೆ ಬೆಳ್ಳಗಾದ ಒಂದು ಟಿ-55 ಟ್ಯಾಂಕಿನ ತೋಪಿನ ಗೋಪುರ, ಅಂದರೆ ಟರೆಟ್‌ನಿಂದ ಬಣ್ಣವನ್ನೆಲ್ಲ ತೆಗೆಯಬೇಕಾಯಿತು. ಆರುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿದ ಲ್ಯಾಕರ್ ಥಿನ್ನರ್ ಬಳಸಿ, ಮಾಡೆಲನ್ನು ಬಲ್ಬಿನ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಬೆಚ್ಚಗಾಗಿಸಿ, ಹೊರತೆಗೆದ ಕೂಡಲೇ ಸ್ಪ್ರೇ ಮಾಡಿ, ಮತ್ತೆ ಪೆಟ್ಟಿಗೆಗೆ ಇಟ್ಟರೆ ಮಬ್ಬು ಬರುವುದಿಲ್ಲ. ಪೆಟ್ಟಿಗೆಯೊಳಗಿನ ಬಿಸಿ 40 ಡಿಗ್ರಿ ಮೀರಬಾರದು. ನಾನು ಮೇಲೊಂದು ತೂತು ಕೊರೆದು ಅಡುಗೆಮನೆಯ ಥರ್ಮಾಮೀಟರ್ ಸಿಕ್ಕಿಸಿದ್ದೇನೆ. ಫಿಲ್ಟರ್ ಕೋಟುಗಳ ನಡುವೆಯೂ ಇದೇ ಪೆಟ್ಟಿಗೆ. ಆಯಿಲ್ ಬಣ್ಣ ಆರಿ ಒಣಗುವುದಲ್ಲ, ಗಾಳಿಯ ಆಕ್ಸಿಜನ್ ಕುಡಿದು ಗಟ್ಟಿಯಾಗುವುದು. ಬೆಚ್ಚಗಿನ ಗಾಳಿ ಆಡುತ್ತಿದ್ದರೆ ಮೂರು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ.

ಟ್ಯೂಬಿನ ಬಣ್ಣವನ್ನು ರಟ್ಟಿನ ಮೇಲೆ ಹಿಂಡಿ ಒಂದೆರಡು ಗಂಟೆ ಬಿಡಿ, ಅಗಸೆ ಎಣ್ಣೆ ರಟ್ಟಿಗೆ ಇಳಿಯಲಿ. ಆಮೇಲೆ ಒಂದು ಭಾಗ ಬಣ್ಣಕ್ಕೆ ಇಪ್ಪತ್ತು ಭಾಗ ಥಿನ್ನರ್, ಅಂದಾಜು. ಅದೇ ಮೂಲಬಣ್ಣ, ಅದೇ ಸ್ಯಾಟಿನ್ ಹೊಡೆದ ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷೆ ಮಾಡುತ್ತೇನೆ. ಹಾಕಿದ ಕಡೆ, ಹಾಕದ ಕಡೆ ತಟ್ಟನೆ ಬೇರೆಯಾಗಿ ಕಂಡರೆ ಬಣ್ಣ ಹೆಚ್ಚಾಯಿತು ಎಂದರ್ಥ. ಮೊದಲ ಪದರಕ್ಕೆ ಏನೂ ಆಗಲಿಲ್ಲ ಅನ್ನಿಸಬೇಕು. ಮೂರನೆಯದಕ್ಕೆ ಕಣ್ಣು ಅರಳಬೇಕು. ಬ್ರಷ್ಷನ್ನು ಅದ್ದಿದ ಮೇಲೆ ಹತ್ತಿ ಬಟ್ಟೆಗೆ ಒತ್ತಿ, ಒದ್ದೆ ಮಾತ್ರ ಉಳಿಸಿಕೊಂಡು, ಒಂದು ಪ್ಯಾನೆಲ್ ಮುಗಿಸಿ ಮುಂದಿನದಕ್ಕೆ. ಲಂಬ ಮುಖಗಳಲ್ಲಿ ಮೇಲಿಂದ ಕೆಳಗೆ ಮಾತ್ರ ಎಳೆಯಬೇಕು.

ಹಾರ್ಡ್‌ವೇರ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಲೀಟರಿಗೆ ನೂರೈವತ್ತರೊಳಗೆ ಸಿಗುತ್ತದೆ, ಅದನ್ನೂ ನೋಡಿದೆ. ಆಕ್ರಿಲಿಕ್ ಮೂಲಬಣ್ಣಕ್ಕೆ, ಲ್ಯಾಕರ್ ಪದರಕ್ಕೆ ಅದು ಏನೂ ಮಾಡುವುದಿಲ್ಲ. ಅಪಾಯ ಇರುವುದು ಬಣ್ಣ ಕಾಣದ ಒಳಗಿನ ಬರೀ ಪ್ಲಾಸ್ಟಿಕ್ಕಿಗೆ. ಎಳೆದು ಅಂಟಿಸಿದ ಜೋಡಣೆಯೊಳಗೆ ಥಿನ್ನರ್ ಇಳಿದರೆ ಪ್ಲಾಸ್ಟಿಕ್ ಸೀಳುತ್ತದೆ. ಒಂದು ಜರ್ಮನ್ ಟ್ಯಾಂಕ್, ಪ್ಯಾಂಜರ್ 4ರ ಸಸ್ಪೆನ್ಶನ್ ತುಂಡುಗಳು ಬೆಳಗಾಗುವಷ್ಟರಲ್ಲಿ ಬಿದ್ದುಹೋಗಿದ್ದವು, ಇಡೀ ಕಿಟ್ ಎರಡೂವರೆ ಸಾವಿರದ್ದು. ಈಗ ಟ್ಯಾಂಕಿನ ಒಡಲಿನ ಕೆಳಭಾಗವನ್ನೂ ಪ್ರೈಮರ್ ಇಲ್ಲದೆ ಬಿಡುವುದಿಲ್ಲ, ಫಿಲ್ಟರಿಗೆ ವಾಸನೆ ಇಲ್ಲದ ಥಿನ್ನರೇ.

ಆ ಪ್ಯಾಂಜರ್‌ನಿಂದ ಕಲಿತದ್ದು ಇನ್ನೊಂದಿದೆ. 1943ರ ಫೆಬ್ರವರಿಯಲ್ಲಿ ಜರ್ಮನರು ಕಡು ಬೂದು ಬಿಟ್ಟು ಕಡು ಹಳದಿಯ ಡುಂಕೆಲ್‌ಗೆಲ್ಬ್‌ಗೆ ಬಂದಾಗ ಹಸಿರು, ಕೆಂಪು ಕಂದು ಬಣ್ಣಗಳನ್ನು ಗಟ್ಟಿ ಪೇಸ್ಟಾಗಿ ತುಕಡಿಗಳಿಗೆ ಕೊಡುತ್ತಿದ್ದರು. ಅವರು ನೀರು, ಪೆಟ್ರೋಲು, ಸಿಕ್ಕಿದ್ದರಲ್ಲಿ ತೆಳುಮಾಡಿ ಹೊಡೆದದ್ದರಿಂದ ಒಂದು ಟ್ಯಾಂಕಿನ ಹಸಿರು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಮೂರು ಬಣ್ಣದ ಕ್ಯಾಮೊಫ್ಲಾಜಿನಲ್ಲಿ ಛಾಯೆ ಸರಿಯೇ ತಪ್ಪೇ ಎಂದು ಕಾದಾಡುವ ಅಗತ್ಯವಿಲ್ಲ. ರಾ ಸಿಯೆನ್ನದ ಎರಡು ತೆಳು ಕೋಟು ಮೂರನ್ನೂ ಹತ್ತಿರ ತರುತ್ತದೆ, ಬಿಡಿಬಿಡಿಯಾಗಿ ಕಿರುಚುವುದು ನಿಲ್ಲುತ್ತದೆ.

ಸೆಂಚುರಿಯನ್ನಿಗೆ ಬರುತ್ತೇನೆ. 1971ರ ಡಿಸೆಂಬರ್ 16ರಂದು ಪಾಕಿಸ್ತಾನದ ವಿರುದ್ಧದ ಬಸಂತರ್ ಕಾಳಗದಲ್ಲಿ ನಮ್ಮ ಸೇನೆಯ ಅರುಣ್ ಖೇತರ್ಪಾಲ್ ಏರಿದ್ದ, ಫಮಾಗುಸ್ತಾ ಎಂಬ ಹೆಸರಿನ ಸೆಂಚುರಿಯನ್ ಟ್ಯಾಂಕ್ ನನಗೆ ಮಾಡಲೇಬೇಕಿತ್ತು. ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಟ್ಯಾಂಕ್ ಮ್ಯೂಸಿಯಂ ನೋಡಿ ಬಂದಿದ್ದೆ. ಆದರೆ ಪ್ರದರ್ಶನಕ್ಕೆ ನಿಲ್ಲಿಸಿದ ಟ್ಯಾಂಕುಗಳಿಗೆ ಮತ್ತೆ ಮತ್ತೆ ಹೊಳೆಯುವ ಪೇಂಟ್ ಹೊಡೆದಿರುತ್ತಾರೆ, ಅದನ್ನು ನೋಡಿ ಬಣ್ಣ ನಿರ್ಧರಿಸಬಾರದು. ಮೂಲಬಣ್ಣಕ್ಕೆ ತಮಿಯಾ ಕಂಪನಿಯ ಎಕ್ಸ್‌ಎಫ್-61 ಕಡುಹಸಿರಿಗೆ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್ ಸುಮಾರು ಮೂರಕ್ಕೆ ಒಂದು. ಅದರ ಮೇಲೆ ಯೆಲ್ಲೋ ಆಕರ್, ಆಮೇಲೆ ರಾ ಅಂಬರ್. ಮೂರನೆಯದು ಒಂದು ತಣ್ಣನೆಯ ಬಣ್ಣ, ಟರೆಟ್‌ನ ಮೇಲ್ಭಾಗಕ್ಕೆ ಮಾತ್ರ. ಅದು ಯಾವುದು, ಎಷ್ಟು ಎಂಬುದನ್ನು ಈಗ ಹೇಳುವುದಿಲ್ಲ. ವರ್ಷಗಟ್ಟಲೆ ಚಮಚಗಳ ಮೇಲೆ ಹಾಕಿ ಕಂಡುಕೊಂಡದ್ದು. ಹಸಿರಿನೊಳಗಿಂದ ಬಿಸಿಲಿಗೆ ಬಾಡಿದ ತೆಳು ಬೂದು ಎದ್ದು ಬರುತ್ತದೆ, ನಮ್ಮ ಜಿಲ್ಲೆಯಲ್ಲಿ ಇದನ್ನು ಇನ್ನೊಬ್ಬರು ಮಾಡಿದ್ದು ನಾನು ನೋಡಿಲ್ಲ.

ನಡುವೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದ, ಹುಚ್ಚು ಹಿಡಿಯಿತು. ನಮ್ಮ ಕಡೆ ಎಲ್ಲ ಚಾಲಿ ಅಡಿಕೆ, ಬೇಯಿಸುವ ರೂಢಿಯಿಲ್ಲ. ತೀರ್ಥಹಳ್ಳಿಯ ನೆಂಟರ ಮನೆಯಿಂದ ಒಂದು ಬಾಟಲಿ ಚೊಗರು ತಂದೆ. ಅಷ್ಟು ಚೆಂದದ ಕೆಂಗಂದು ಯಾವ ಟ್ಯೂಬಿನಲ್ಲೂ ಇಲ್ಲ. ಲ್ಯಾಕರಿನ ಮೇಲೆ ಹನಿಹನಿಯಾಗಿ ಒಡೆಯಿತು. ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಸೇರಿಸಿದರೆ ಹರಡಿತು, ಆದರೆ ಮಳೆ ಬಂದೊಡನೆ ಅಂಟಂಟಾಗಿ ವಾರದೊಳಗೆ ಬೂಷ್ಟು ಹಿಡಿಯಿತು. ಫಿಲ್ಟರಿಗೆ ಆಗದು. ಕೆಸರಿನಿಂದ ಎತ್ತಲು ಟ್ಯಾಂಕಿನ ಬದಿಗೆ ಕಟ್ಟುವ ದಿಮ್ಮಿಗೆ ಮಾತ್ರ ಈಗಲೂ ನಾನು ಚೊಗರೇ ಹಾಕುವುದು: ನಿಜವಾದ ಕಡ್ಡಿ, ಎರಡು ಕೋಟು ಚೊಗರು, ಮೇಲೆ ಮ್ಯಾಟ್.

ಧೂಳಿನಂತೆ ಉದುರಿಸಲು ಅಂಗಳದ ಕೆಂಪು ಮುರಕಲ್ಲಿನ (ಲ್ಯಾಟರೈಟ್) ಪುಡಿಯನ್ನೂ ಹಳೆಯ ನೈಲಾನ್ ಸೀರೆಯಲ್ಲಿ ಜರಡಿ ಹಿಡಿದೆ. ಪಂಜಾಬಿನ ಮೆಕ್ಕಲು ಮಣ್ಣು ಬೂದುಗಂದು. ಸೆಂಚುರಿಯನ್ ಮೇಲೆ ನಮ್ಮ ಕೆಂಪು ಹಾಕಿದರೆ ಸುಳ್ಳಾಗುತ್ತದೆ. ಅದಕ್ಕೆ ಒಪ್ಪುವುದು ವಿಯೆಟ್ನಾಮ್ ಯುದ್ಧದ ಎಂ48 ಪ್ಯಾಟನ್ ಟ್ಯಾಂಕ್. ಅಲ್ಲಿಯೂ ಇದೇ ಲ್ಯಾಟರೈಟ್ ಕೆಂಪು ಧೂಳು. ಆಲಿವ್ ಡ್ರ್ಯಾಬ್ ಮೇಲೆ ಬರ್ಂಟ್ ಸಿಯೆನ್ನದ ಫಿಲ್ಟರ್ ಒಂದೇ ಕೋಟು ಕೊಟ್ಟು, ಆಮೇಲೆ ಮುರಕಲ್ಲಿನ ಪುಡಿ ಉದುರಿಸಿದರೆ ಧೂಳು ಲೋಹದೊಳಗಿಂದಲೇ ಬಂದಂತೆ ಕೂರುತ್ತದೆ. ಫಿಲ್ಟರ್ ಇಲ್ಲದೆ ಬರೀ ಪುಡಿ ಹಾಕಿದ ಇನ್ನೊಂದು ಬದಿಯನ್ನು ಹೋಲಿಕೆಗೆ ಹಾಗೆಯೇ ಬಿಟ್ಟಿದ್ದೇನೆ, ಬಂದವರಿಗೆ ಎರಡನ್ನೂ ತೋರಿಸುತ್ತೇನೆ.

ಕೊನೆಯ ಮ್ಯಾಟ್ ಕೋಟು ಬಿದ್ದಾಗ ಎಲ್ಲ ಬಣ್ಣವೂ ಒಂದು ಛಾಯೆ ತಿಳಿಯಾಗುತ್ತದೆ. ಹಾಗಾಗಿ ಸ್ಯಾಟಿನ್ ಮೇಲೆ ಸರಿ ಕಂಡಲ್ಲಿಗೆ ನಿಲ್ಲಿಸಬೇಡಿ, ಇನ್ನೂ ಒಂದು ಕೋಟು ಹಾಕಿ, ಪಿನ್ ವಾಶ್ (ರಿವೆಟ್, ಸಂದುಗಳಿಗೆ ಮಾತ್ರ ಹಾಕುವ ವಾಶ್) ಮುಗಿಸಿ, ಆಮೇಲೆ ಮ್ಯಾಟ್‌ಗೆ ಹೋಗಿ.