ಮಕ್ಕಳ ಕಪ್ಪು ಬಿಳುಪು ಫೋಟೊ: ಕಾಂಟ್ರಾಸ್ಟೂ ಬೇಕು, ಮುಖವೂ ಉಳಿಯಬೇಕು

ಮಗುವಿನ ಫೋಟೊದಿಂದ ಬಣ್ಣ ತೆಗೆದು, ಕಾಂಟ್ರಾಸ್ಟ್ ಸ್ಲೈಡರನ್ನು ಬಲತುದಿಗೆ ಎಳೆದುಬಿಡುವವರೇ ಜಾಸ್ತಿ. ಮೊದಲ ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು ನಿಮಿಷ ನೋಡಿ. ಒಂದು ಕೆನ್ನೆಗೆ ಸುಣ್ಣ ಬಳಿದ ಹಾಗಿದೆ, ಇನ್ನೊಂದು ಕೆನ್ನೆ ಕತ್ತಲೆಯಲ್ಲಿ ಮಾಯವಾಗಿದೆ. ಕಣ್ಣಿನ ಜಾಗದಲ್ಲಿ ಎರಡು ಗುಂಡಿ.

ಕಡುಕಪ್ಪು ಇರಲಿ, ಅಚ್ಚಬಿಳಿಯೂ ಇರಲಿ. ಆದರೆ ಎರಡೂ ಚರ್ಮದ ಮೇಲೆ ಬೀಳಬಾರದು. ಕಪ್ಪು ಹಿನ್ನೆಲೆಯಲ್ಲಿ, ಕೂದಲಿನಲ್ಲಿ ಇರಬೇಕು. ಬಿಳಿ ಅಂಗಿಯ ಅಂಚಿನಲ್ಲಿ, ಕಣ್ಣಿನ ಹೊಳಪಿನಲ್ಲಿ ಇರಬೇಕು. ಮುಖಕ್ಕೆ ಬೇಕಾದದ್ದು ನಡುವಿನ ಬೂದುಗಳು.

1. ಫೋಟೊ ಆರಿಸಿ

ಬೆಳಕು ಒಂದು ಪಕ್ಕದಿಂದ ಬಂದಿರಬೇಕು. ಎದುರಿನಿಂದ ಫ್ಲಾಶ್ ಹೊಡೆದ ಫೋಟೊ ಈ ಕೆಲಸಕ್ಕೆ ಬರುವುದಿಲ್ಲ. ಹೊಸ್ತಿಲ ಹತ್ತಿರ ಕೂತ ಮಗು, ಮುಖಕ್ಕೆ ಅಂಗಳದ ಬೆಳಕು, ಹಿಂದೆ ನಡುಮನೆಯ ಕತ್ತಲೆ ಇದ್ದರೆ ಸ್ಟುಡಿಯೊ ಬೇಕಿಲ್ಲ. ತೆಗೆಯುವ ಮೊದಲೇ ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ. ಅದು ಒರೆಸಿಹಾಕಿದ ಚರ್ಮವನ್ನು ಯಾವ ಆ್ಯಪ್ ಕೂಡ ವಾಪಸ್ ತರಲಾರದು.

ಸಾಧ್ಯವಾದರೆ ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ) ಫೈಲ್‌ನಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದು ಕಪ್ಪಿನಿಂದ ಬೆಳಕಿನವರೆಗೆ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16,384. ಕಾಂಟ್ರಾಸ್ಟ್ ಏರಿಸಿದಾಗ ಈ ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚುತ್ತದೆ. ಇರುವುದೇ ಕಡಿಮೆಯಾದರೆ ಕೆನ್ನೆಯ ಮೇಲೆ ಪಟ್ಟೆ ಪಟ್ಟೆ ಕಾಣಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಇಟ್ಟುಕೊಂಡು ಕೂರಲೇಬೇಡಿ. ಕಳಿಸಿದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

2. ಕ್ರಾಪ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್

ಎಕ್ಸ್‌ಪೋಷರ್ ಅಂದರೆ ಫೋಟೊದ ಒಟ್ಟು ಬೆಳಕು, ವೈಟ್ ಬ್ಯಾಲೆನ್ಸ್ ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಮಾಡುವುದು. ಮೂರನ್ನೂ ಬಣ್ಣ ಇರುವಾಗಲೇ ಮುಗಿಸಿ. ಹೇಗೂ ಬಣ್ಣ ಹೋಗುತ್ತೆ, ವೈಟ್ ಬ್ಯಾಲೆನ್ಸ್ ಯಾಕೆ ಅಂತೀರಾ? ಮುಂದಿನ ಹಂತ ನಿಂತಿರುವುದೇ ಬಣ್ಣಗಳ ಮೇಲೆ.

3. ಬಣ್ಣ ತೆಗೆಯಿರಿ

ಸ್ಯಾಚುರೇಷನ್ (ಬಣ್ಣದ ಗಾಢತೆ) ಪೂರ್ತಿ ಇಳಿಸಿಬಿಡುವುದು ಸೋಮಾರಿಗಳ ದಾರಿ. ಹಾಗೆ ಮಾಡಿದರೆ ಮಗುವಿನ ತೋಳು, ಹಿಂದಿನ ಹಸಿರು ಗೋಡೆ ಎರಡೂ ಒಂದೇ ಬೂದಾಗಿ ಅಂಟಿಕೊಳ್ಳಬಹುದು. ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸ್‌ನಲ್ಲಿ ಎಂಟು ಬಣ್ಣಗಳ ಸ್ಲೈಡರ್‌ಗಳಿವೆ. ದುಡ್ಡು ಕೊಡುವುದು ಬೇಡ ಅನ್ನುವವರಿಗೆ ಗಿಂಪ್‌ನ ಮೋನೊ ಮಿಕ್ಸರ್ ಇದೆ, ಅಲ್ಲಿ ಕೆಂಪು, ಹಸಿರು, ನೀಲಿ ಮೂರೇ. ಫೋನಿನಲ್ಲಾದರೆ ಸ್ನ್ಯಾಪ್‌ಸೀಡ್‌ನ ಕಪ್ಪು ಬಿಳುಪು ಟೂಲ್‌ನಲ್ಲಿರುವ ಕಲರ್ ಫಿಲ್ಟರ್ ಬಳಸಿ.

ನಮ್ಮ ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆ ಸ್ಲೈಡರ್‌ನಲ್ಲಿ ಸಿಗುತ್ತದೆ. ಅದನ್ನು ಚೂರು ಏರಿಸಿದರೆ ಮುಖ ಹಿನ್ನೆಲೆಯಿಂದ ಬಿಡಿಸಿಕೊಂಡು ಬರುತ್ತದೆ. ಜಾಸ್ತಿ ಏರಿಸಿದರೆ ಎಲ್ಲ ಮಕ್ಕಳೂ ಬೆಳ್ಳಗಾಗುತ್ತಾರೆ. ಎಷ್ಟೋ ಜನ ಇದನ್ನೇ ಕೇಳುತ್ತಾರೆ: 'ಸ್ವಲ್ಪ ಬೆಳ್ಳಗೆ ಮಾಡ್ಕೊಡಿ.' ಮಾಡಬೇಡಿ. ಕಪ್ಪು ಬಿಳುಪಿನಲ್ಲಿ ಎಣ್ಣೆಗಪ್ಪು ಮೈಬಣ್ಣದಷ್ಟು ಚೆನ್ನಾಗಿ ಬೆಳಕು ಹಿಡಿಯುವುದು ಇನ್ನೊಂದಿಲ್ಲ. ಹಣೆಯ ಮಿನುಗು, ಕೆನ್ನೆಯ ತಿರುವು ಎಲ್ಲ ಅದರಲ್ಲೇ ಎದ್ದು ಕಾಣುವುದು.

ಕೆಂಪು ಸ್ಲೈಡರ್ ಬೇರೆ ಕಥೆ. ತುಟಿ, ಕಿವಿ ಅದರ ಕೈಯಲ್ಲಿವೆ. ಏರಿಸಿದರೆ ತುಟಿ ಅಳಿಸಿಹೋಗುತ್ತದೆ. ಹಳೆ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಕೂತ ಮಗುವಾದರೆ ಇನ್ನೂ ಒಂದು ತಾಪತ್ರಯ. ನೆಲದ ಕೆಂಪು ಗಲ್ಲದ ಕೆಳಗೆ ಬಡಿದಿರುತ್ತದೆ. ಬಣ್ಣದ ಫೋಟೊದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಕೆಂಪು ಏರಿಸಿದ ಕೂಡಲೇ ಗಲ್ಲದ ಕೆಳಗೆ ಬಲ್ಬ್ ಹಚ್ಚಿದಂತೆ ಬೆಳಗುತ್ತದೆ. ಕೆಂಪನ್ನು 10-15ರಷ್ಟು ಇಳಿಸಿ, ಸರಿಹೋಗುತ್ತದೆ. ಯೂನಿಫಾರಂನ ನೀಲಿಯನ್ನೂ ಇಳಿಸಬಹುದು, ಅತಿಯಾದರೆ ಕಾಳು ಕಾಳಾಗುತ್ತದೆ.

4. ಕಾಂಟ್ರಾಸ್ಟ್

ಎಲ್ಲರೂ ಕೆಡಿಸುವುದು ಇಲ್ಲೇ, ಆದ್ದರಿಂದ ನಿಧಾನ. ಕಾಂಟ್ರಾಸ್ಟ್ ಅನ್ನುವ ಸ್ಲೈಡರ್ ಸೊನ್ನೆಯಲ್ಲೇ ಇರಲಿ. ಅದಕ್ಕೆ ಮುಖ ಯಾವುದು, ಗೋಡೆ ಯಾವುದು ಗೊತ್ತಿಲ್ಲ.

ಮೊದಲು ಎರಡು ತುದಿಗಳನ್ನು ಗೊತ್ತುಮಾಡಿ. ಕಂಪ್ಯೂಟರ್‌ನ ಲೈಟ್‌ರೂಮ್‌ನಲ್ಲಿ ಆಲ್ಟ್ ಕೀ ಒತ್ತಿಕೊಂಡು ಬ್ಲ್ಯಾಕ್ಸ್ ಸ್ಲೈಡರ್ ಎಳೆಯಿರಿ. ಪರದೆ ಬೆಳ್ಳಗಾಗಿ, ವಿವರ ಸತ್ತ ಜಾಗ ಮಾತ್ರ ಕಪ್ಪಾಗಿ ಕಾಣುತ್ತದೆ. ಹಿಂದಿನ ಕತ್ತಲೆಯಲ್ಲಿ, ಕೂದಲಿನ ಒಂದೆರಡು ಕಡೆ ಕಪ್ಪು ಮೂಡಿದರೆ ಸಾಕು, ನಿಲ್ಲಿಸಿ. ವೈಟ್ಸ್ ಎಳೆಯುವಾಗ ಇದರ ಉಲ್ಟಾ: ಪರದೆ ಕಪ್ಪು, ಸತ್ತ ಜಾಗ ಬಿಳಿ. ಅಂಗಿಯ ಕಾಲರ್ ಅಂಚಿನಲ್ಲಿ ಬಂದರೆ ಪರವಾಗಿಲ್ಲ. ಹಣೆಯಲ್ಲೋ ಮೂಗಿನ ತುದಿಯಲ್ಲೋ ಬಂದರೆ ಹಿಂದಕ್ಕೆ ಬನ್ನಿ.

ಈಗ ಕರ್ವ್, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ಬೂದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಗೆರೆ. ಬೆಳಕು ಬಿದ್ದ ಕೆನ್ನೆಯ ಬೂದು ಎಲ್ಲಿದೆಯೋ ಅಲ್ಲಿ ಒಂದು ಚುಕ್ಕಿ ಇಟ್ಟು ಗಟ್ಟಿ ಮಾಡಿ. ಅದು ಅಲುಗಬಾರದು. ಆಮೇಲೆ ಕೆಳಗಿನ ಕಾಲುಭಾಗ ಹಿಡಿದು ಇಳಿಸಿ, ಮೇಲಿನ ಕಾಲುಭಾಗವನ್ನು ಕೊಂಚ ಎತ್ತಿ. ಇಳಿಸುವುದು ಜಾಸ್ತಿ, ಎತ್ತುವುದು ಕಡಿಮೆ. ಮೌಸ್ ಇಟ್ಟ ಜಾಗ ಎಷ್ಟು ಬೆಳ್ಳಗಿದೆ ಅಂತ ಹಿಸ್ಟೋಗ್ರಾಮ್ (ಬೆಳಕು, ಕತ್ತಲೆ ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಕೆಳಗೆ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ನನ್ನ ಲೆಕ್ಕ ಹೀಗೆ: ಗೋಧಿ ಬಣ್ಣದ ಮಗುವಾದರೆ ಬೆಳಕಿನ ಕೆನ್ನೆ 65ರಿಂದ 75, ಕಪ್ಪು ಮೈಬಣ್ಣಕ್ಕೆ 45ರಿಂದ 60. ನೆರಳಿನ ಕೆನ್ನೆ 15ಕ್ಕಿಂತ ಕೆಳಗೆ ಇಳಿಯಬಾರದು. ಎಣ್ಣೆ ಹಚ್ಚಿ ಬಾಚಿದ ತಲೆ 3ರಿಂದ 8ರ ಒಳಗಿರಲಿ, ಆದರೆ ಬಾಚಣಿಗೆ ಎಳೆದ ಗೆರೆಗಳು ಕಾಣಬೇಕು.

ಫೋಟೊವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ನೆರಳಿನ ಕಡೆಯ ದವಡೆಯ ಗೆರೆ ಕತ್ತಲೆಯಿಂದ ಬೇರೆಯಾಗಿ ಕಾಣುತ್ತಿದೆಯಾ? ಇಲ್ಲ ಅಂದರೆ ಕರ್ವ್ ಅತಿಯಾಗಿದೆ.

ಅಂಚು, ಗೆರೆಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಸ್ಲೈಡರ್ ಮುಟ್ಟಬೇಡಿ. ಮುಟ್ಟಲೇಬೇಕೆಂದರೆ ಮೈನಸ್ ಕಡೆಗೆ ಐದು. ಸ್ನ್ಯಾಪ್‌ಸೀಡ್‌ನ ಡ್ರಾಮಾ, ಎಚ್‌ಡಿಆರ್ ಫಿಲ್ಟರ್‌ಗಳು ಮೋಡ, ಬಂಡೆಗಳಿಗೆ ಸರಿ. ಮಗುವಿನ ಮುಖಕ್ಕೆ ಹಾಕಿದರೆ ಕಣ್ಣಿನ ಕೆಳಗೆ ಇಲ್ಲದ ಚೀಲ ಹುಟ್ಟುತ್ತದೆ. ಆನ್‌ಲೈನ್‌ನಲ್ಲಿ ಮಾರುವ 'ಬ್ಲ್ಯಾಕ್ ಅಂಡ್ ವೈಟ್ ಪ್ರಿಸೆಟ್' ಕಟ್ಟುಗಳಿಗೂ ದುಡ್ಡು ದಂಡ. ಬೇರೆ ಬೆಳಕಿಗೆ, ಬೇರೆ ಚರ್ಮಕ್ಕೆ ಹೊಂದಿಸಿದ್ದು ನಿಮ್ಮ ಮಗುವಿಗೆ ಹೊಂದುವುದು ಅಪರೂಪ.

5. ಕಣ್ಣು

ಕಾಡಿಗೆ ಹಚ್ಚಿದ ಮಗುವಾದರೆ ಕರ್ವ್ ಆದ ಮೇಲೆ ಕಾಡಿಗೆ, ರೆಪ್ಪೆ, ಪಾಪೆ ಮೂರೂ ಸೇರಿ ಒಂದೇ ಕಪ್ಪು ಮುದ್ದೆಯಾಗುತ್ತವೆ. ಚಿಕ್ಕ ಬ್ರಷ್ ತೆಗೆದುಕೊಂಡು ಪಾಪೆಯ ಮೇಲೆ ಮಾತ್ರ ಶ್ಯಾಡೋಸ್ ಏರಿಸಿ. ಬೆಳಕಿನ ಚುಕ್ಕಿ ಒಂದು ಪಕ್ಕ ಬಿದ್ದಿದ್ದರೆ ಅದರ ಎದುರು ಪಕ್ಕ ಜಾಸ್ತಿ. ಕಣ್ಣಿನ ಬಿಳಿಯನ್ನು ಬಿಳಿ ಮಾಡಲು ಹೋಗಬೇಡಿ, ಗೊಂಬೆಯ ಕಣ್ಣಾಗುತ್ತದೆ.

6. ಒರೆಸುವುದು

ಮೂಗಿನ ಸಿಂಬಳ, ತುಟಿಗಂಟಿದ ಅನ್ನದ ಅಗುಳು ತೆಗೆಯಿರಿ. ಬಿದ್ದ ಹಲ್ಲಿನ ಸಂದು, ಮೊಣಕಾಲಿನ ತರಚು ಗಾಯ ಇರಲಿ ಬಿಡಿ. ಕೆನ್ನೆಯ ದೃಷ್ಟಿಬೊಟ್ಟಿನ ಬಗ್ಗೆ ಹುಷಾರು. ತಾನೇ ಕಲೆ ಹುಡುಕಿ ಅಳಿಸುವ ಆ್ಯಪ್‌ಗಳಿಗೆ ಅದೂ ಒಂದು ಕಲೆಯೇ. ಅಜ್ಜಿ ಇಟ್ಟ ಬೊಟ್ಟು ಅಳಿಸಿ ಫೋಟೊ ಕೊಟ್ಟರೆ ಬೈಸಿಕೊಳ್ಳುವವರು ನೀವು.

7. ಗ್ರೇನ್, ವಿನ್ಯೆಟ್

ಗ್ರೇನ್ (ಹಳೆ ಫಿಲ್ಮಿನಂಥ ಕಾಳು ಕಾಳು) ಒಂದು ಚಿಟಿಕೆ. ವಿನ್ಯೆಟ್ (ಮೂಲೆಗಳನ್ನು ಕಪ್ಪಾಗಿಸುವುದು) ಬೇಡ.

8. ಪ್ರಿಂಟ್

ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದವರಿಗೆ ಪ್ರಿಂಟ್ ಕಪ್ಪಗೆ ಬರುತ್ತದೆ. ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ನೋಡಿ. ಲ್ಯಾಬ್‌ನಲ್ಲಿ 'ಆಟೊ ಕರೆಕ್ಷನ್ ಬೇಡ' ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ನೀವು ಕಷ್ಟಪಟ್ಟು ಇಳಿಸಿದ ನೆರಳನ್ನು ಮಷಿನ್ ಎತ್ತಿಬಿಡುತ್ತದೆ. ಕಪ್ಪು ಬಿಳುಪನ್ನು ಬಣ್ಣದ ಪೇಪರ್ ಮೇಲೆ ತೆಗೆದಾಗ ಕೆಲವೊಮ್ಮೆ ಬೂದಿಗೆ ಹಸಿರೋ ನೇರಳೆಯೋ ಛಾಯೆ ಬರುತ್ತದೆ. ಅದಕ್ಕೇ ದೊಡ್ಡದು ಹಾಕಿಸುವ ಮೊದಲು ಒಂದು 4×6 ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಹೊರಗೆ ಬಿಸಿಲಿನ ನೆರಳಲ್ಲಿ ಹಿಡಿದು ನೋಡಿ. ಪೇಪರ್ ಮ್ಯಾಟ್ ತೆಗೆದುಕೊಳ್ಳಬೇಡಿ, ಕಪ್ಪು ಸಪ್ಪೆಯಾಗುತ್ತದೆ. ಗ್ಲಾಸಿಯಲ್ಲಿ ಬೆರಳಚ್ಚು ಕೂರುತ್ತದೆ. ಎರಡರ ನಡುವಿನ ಲಸ್ಟರ್ ಕೇಳಿ.