ಎಕ್ಸ್‌ರೇಲಿ ವಯಸ್ಸು ನೋಡೋದು: ನನ್ನ ಅನುಭವ

ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ, ಅದ್ರ ಕೇಸಲ್ಲಿ ಹುಡುಗಿಗೆ 18 ತುಂಬಿದ್ಯಾ ಇಲ್ವಾ ಅನ್ನೋದ್ರ ಮೇಲೇ ಎಷ್ಟೋ ಸಲ ಇಡೀ ಕೇಸು ನಿಂತಿರತ್ತೆ. ಪೊಲೀಸ್ರು ವಯಸ್ಸು ಪರೀಕ್ಷೆ ಮಾಡಿ ಅನ್ನೋ ಕೋರಿಕೆ ಪತ್ರ ಹಿಡ್ಕೊಂಡು ನಮ್ಮ ಫೊರೆನ್ಸಿಕ್ ವಿಭಾಗಕ್ಕೆ ಬಂದ ತಕ್ಷಣ ನಾನು ಕೇಳೋದು, ಶಾಲೆ ದಾಖಲೆ ಹುಡುಕಿದ್ರಾ ಅಂತ. ಯಾಕಂದ್ರೆ 2015ರ ಬಾಲನ್ಯಾಯ ಕಾಯ್ದೆ ಸೆಕ್ಷನ್ 94ರಲ್ಲಿ ಮೊದಲು ಶಾಲೆ ಸರ್ಟಿಫಿಕೇಟು, ಅದಿಲ್ದಿದ್ರೆ ಪಂಚಾಯ್ತಿನೋ ಪುರಸಭೆನೋ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ದಿದ್ರೆ ಮಾತ್ರ ಮೂಳೆ ಪರೀಕ್ಷೆ.

ಒಂದ್ಸಲ ಕೂಲಿಗೆ ಅಂತ ಊರೂರು ಸುತ್ತೋ ಮನೆಯ ಹುಡುಗಿ ಬಂದಿದ್ಲು, ಕೈಯಲ್ಲಿ ಒಂದು ಚೀಟಿನೂ ಇಲ್ಲ. ಗಾಜಿನ ಬಳೆ ಇದ್ರೆ ಫಿಲ್ಮಲ್ಲಿ ಮಣಿಕಟ್ಟಿನ ಮೇಲೇ ನೆರಳು ಬೀಳತ್ತೆ ಅಂತ, ಲೇಡಿ ಕಾನ್‌ಸ್ಟೇಬಲ್ ಸೋಪು ಹಚ್ಚಿ ಒಂದೊಂದಾಗಿ ತೆಗೆದ್ರು. ಅವಳು ಕೇಳಿದ್ಲು, "ಮೇಡಂ, ಇದ್ರಲ್ಲಿ ನಾನ್ ಹುಟ್ಟಿದ್ ದಿನ ಕಾಣತ್ತಾ?" "ದಿನ ಕಾಣಲ್ಲ ಪುಟ್ಟಾ, ಅಂದಾಜು ಸಿಗತ್ತೆ" ಅಂದೆ.

ಮೊಣಕೈ, ಮಣಿಕಟ್ಟು, ಭುಜ, ಸೊಂಟದ ಎಕ್ಸ್‌ರೇ ತೆಗೆಸ್ತೀನಿ, ಜೊತೆಗೆ ಬುದ್ಧಿಹಲ್ಲು ನೋಡೋಕೆ ಒಪಿಜಿ, ಅಂದ್ರೆ ಇಡೀ ದವಡೆಯ ಎಕ್ಸ್‌ರೇ. ಸೊಂಟದ ಎಕ್ಸ್‌ರೇಗೆ ಮುಂಚೆ ಗರ್ಭಿಣಿ ಅಲ್ಲ ಅನ್ನೋದು ಖಾತ್ರಿ ಆಗ್ಲೇಬೇಕು, ಇದನ್ನ ಅವಸರದಲ್ಲಿ ಬಿಡೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಕೋಪ ಬರತ್ತೆ.

ಬೆಳೆಯೋ ಮೂಳೆ ತುದೀಲಿ ಮೃದ್ವಸ್ಥಿ ಇರತ್ತೆ, ಅದು ಎಕ್ಸ್‌ರೇಲಿ ಕಾಣಲ್ಲ, ಹಾಗಾಗಿ ಅಲ್ಲಿ ಕಪ್ಪು ಸಂದು ಥರ ಇರತ್ತೆ. ವಯಸ್ಸಾದ ಹಾಗೆ ತುದಿ ಉಳಿದ ಮೂಳೆ ಜೊತೆ ಕೂಡ್ಕೊಳ್ಳತ್ತೆ, ಕೂಡ್ಕೊಂಡ ಹೊಸದ್ರಲ್ಲಿ ಸಂದು ಹೋಗಿ ತೆಳ್ಳಗೆ ಬಿಳೀ ಗೆರೆ ಉಳಿಯತ್ತೆ. ಈ ಹುಡುಗಿಗೆ ಮೊಣಕೈ ಪೂರ್ತಿ ಕೂಡಿತ್ತು, ಮಣಿಕಟ್ಟಲ್ಲಿ ರೇಡಿಯಸ್ (ಮುಂಗೈಯಲ್ಲಿ ಹೆಬ್ಬೆರಳ ಕಡೆ ಇರೋ ಮೂಳೆ) ತುದೀಲಿ ಅಂಚಿನ ಕಡೆ ಚೂರು ಸಂದು ಇನ್ನೂ ಇತ್ತು, ಸೊಂಟದ ಮೂಳೆ ಅಂಚಿನ ಪಟ್ಟಿ ಕಾಣಿಸ್ಕೊಂಡಿತ್ತು ಆದ್ರೆ ಕೂಡಿರ್ಲಿಲ್ಲ. 16ರಿಂದ 18ರ ಮಧ್ಯೆ ಅಂತ ಬರೆದೆ, ಯಾವ ಮೂಳೆ ಯಾವ ಹಂತದಲ್ಲಿದೆ ಅನ್ನೋದನ್ನೂ ಸೇರ್ಸಿ.

ಹೀಗೆ ಬರೆಯೋದು ಕಲಿತಿದ್ದು ಕೋರ್ಟಲ್ಲಿ. ಸೇರಿದ ಹೊಸದ್ರಲ್ಲಿ ಇನ್ನೊಂದು ಕೇಸಿಗೆ "ಸುಮಾರು 18 ವರ್ಷ" ಅಂತ ಒಂದೇ ಸಾಲು ಬರೆದು ಸೈನ್ ಹಾಕಿದ್ದೆ. ಪಾಟೀ ಸವಾಲಲ್ಲಿ ಡಿಫೆನ್ಸ್ ವಕೀಲ್ರು, ಯಾವ ಮೂಳೆ 18 ಅಂತ ಹೇಳ್ತು ಡಾಕ್ಟ್ರೇ, ಎರಡು ವರ್ಷ ಹೆಚ್ಚೂ ಇರಬಹುದಲ್ವಾ ಅಂದ್ರು. 1982ರ ಜಯಮಾಲಾ ಕೇಸಲ್ಲಿ ಸುಪ್ರೀಂ ಕೋರ್ಟೇ ಎಕ್ಸ್‌ರೇಲಿ ಅಂದಾಜು ಮಾಡಿದ ವಯಸ್ಸಲ್ಲಿ ಎರಡೂ ಕಡೆ ಎರಡೆರಡು ವರ್ಷ ವ್ಯತ್ಯಾಸ ಇರಬಹುದು ಅಂದಿದೆ, ನಾನು ಹೌದು ಅನ್ನಲೇಬೇಕಾಯ್ತು. ಆ ಮಗು ಹೊರಗಡೆ ಬೆಂಚಿನ ಮೇಲೆ ಕೂತಿದ್ಲು. ನನ್ನ ಸೋಮಾರಿತನಕ್ಕೆ ಅವಳ ಕೇಸು ಅಲ್ಲಾಡ್ತು ಅನ್ನೋದು ಇವತ್ತಿಗೂ ನೋವು.

ಬಳೆ ಹುಡುಗಿ ವಿಷಯಕ್ಕೆ ಬಂದ್ರೆ, ತಿಂಗಳಾದ್ಮೇಲೆ ಕೇಸಿನ ತನಿಖಾಧಿಕಾರಿ ಫೋನ್ ಮಾಡಿದ್ರು. ಅವಳು ಎರಡನೇ ಕ್ಲಾಸ್‌ವರೆಗೆ ಓದಿದ್ದ ಶಾಲೆ ಸಿಕ್ಕಿದೆ, ದಾಖಲಾತಿ ರಿಜಿಸ್ಟರ್‌ನಲ್ಲಿ ಹೆಸರಿದೆ, ಅದ್ರ ಪ್ರಕಾರ 16 ವರ್ಷ 10 ತಿಂಗಳು. ಹೆಡ್‌ಮಾಸ್ಟ್ರ ಹತ್ರ ಸರ್ಟಿಫೈಡ್ ಕಾಪಿ ಇವತ್ತೇ ಇಸ್ಕೊಳ್ಳಿ ಅಂದೆ.